ಮಿಷನ್ ಆಸ್ಪತ್ರೆಯ ಹೆರಿಗೆ ದಾಖಲೆ

ಮೈಸೂರಿನ ಮಂಡಿ ಮೊಹಲ್ಲಾದ ಸಿಎಸ್ಐ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಊರಿನವರು ಅಷ್ಟುದ್ದದ ಹೆಸರಿನಿಂದ ಕರೆಯುವುದಿಲ್ಲ. ಅವರಿಗೆ ಅದು ಮಿಷನ್ ಆಸ್ಪತ್ರೆ. ವೆಸ್ಲಿಯನ್ ಮೆಥಡಿಸ್ಟ್ ಮಿಷನರಿಗಳು 20ನೇ ಶತಮಾನದ ಮೊದಲ ದಶಕದಲ್ಲಿ ಹೆಂಗಸರು ಮಕ್ಕಳ ಚಿಕಿತ್ಸೆಗೆಂದು ಕಟ್ಟಿಸಿದ್ದು. ಅಲ್ಲಿ ಹುಟ್ಟಿದ ಹಿರಿಯರು ನಗರದ ಹಳೆಯ ಕೇರಿಗಳಲ್ಲಿ ಇಂದಿಗೂ ಇದ್ದಾರೆ. ಹುಟ್ಟಿದ ಗಳಿಗೆಯಲ್ಲಿ ಅವರು ಎಷ್ಟು ತೂಗಿದರು, ಎಷ್ಟು ಉದ್ದವಿದ್ದರು, ತಲೆಯ ಸುತ್ತಳತೆ ಎಷ್ಟಿತ್ತು ಎಂಬುದನ್ನು 1934ರಿಂದಲೇ ಅಲ್ಲಿ ಬರೆದಿಟ್ಟಿದ್ದಾರೆ. ಹೆತ್ತ ತಾಯಿಯ ತೂಕವನ್ನೂ ಬರೆದಿದ್ದಾರೆ. ಆ ಬರಹ ಅರವತ್ತು ವರ್ಷ ಕೆಡದೆ ಉಳಿಯಿತು. ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ ಎಲ್ಲಿಂದ ಶುರುವಾಗುತ್ತವೆ ಎಂಬ ಪ್ರಶ್ನೆಗೆ ಇಂಗ್ಲೆಂಡಿನಲ್ಲಿ ಸಿಕ್ಕಿದ್ದ ಉತ್ತರವನ್ನು ಮೈಸೂರಿನ ಆ ಹಾಳೆಗಳು ಮೊದಲು ಒಪ್ಪಿದವು, ಆಮೇಲೆ ತಿದ್ದಿದವು.

ಬರೆದವರಿಗೆ ಸಂಶೋಧನೆಯ ಯೋಚನೆ ಇರಲಿಲ್ಲ. ಅವರ ಕಣ್ಣೆದುರಿಗಿದ್ದದ್ದು ಆ ದಿನದ ಹೆರಿಗೆ. 1934ರಲ್ಲಿ ಪೆನಿಸಿಲಿನ್ ಇನ್ನೂ ಆಸ್ಪತ್ರೆಗಳಿಗೆ ಬಂದಿರಲಿಲ್ಲ. ಹೊಟ್ಟೆ ಕೊಯ್ದು ಮಗು ತೆಗೆಯುವುದೆಂದರೆ ತಾಯಿಯ ಜೀವವನ್ನೇ ಪಣಕ್ಕಿಟ್ಟಂತೆ. ಮಗು ಇಳಿಯುವ ದಾರಿ ಕಿರಿದಾಗಿದ್ದರೆ ಅದು ನೋವು ಶುರುವಾಗುವ ಮುಂಚೆಯೇ ಗೊತ್ತಾಗಬೇಕಿತ್ತು. ಅದಕ್ಕೆಂದೇ ಪೆಲ್ವಿಮೀಟರ್ ಎಂಬ ಸಲಕರಣೆ ಇತ್ತು. ಎರಡು ಬಾಗಿದ ಲೋಹದ ಕಾಲುಗಳು, ತುದಿಗಳಲ್ಲಿ ಸಣ್ಣ ಗುಂಡುಗಳು, ಮೇಲೆ ಒಂದು ಅಳತೆಪಟ್ಟಿ. ಗುಂಡುಗಳನ್ನು ಎಡಬಲದ ಸೊಂಟದ ಮೂಳೆಯ ಏಣುಗಳಿಗೆ ತಾಗಿಸಿದರೆ ಒಂದು ಅಗಲ ಸಿಗುತ್ತಿತ್ತು. ತಾಯಿಯನ್ನು ಪಕ್ಕಕ್ಕೆ ತಿರುಗಿಸಿ, ಒಂದು ಗುಂಡನ್ನು ಬೆನ್ನುಮೂಳೆಯ ಕೆಳಗಿನ ತಗ್ಗಿಗೂ ಇನ್ನೊಂದನ್ನು ಮುಂದಿನ ಕಿಬ್ಬೊಟ್ಟೆಯ ಮೂಳೆಗೂ ಇಟ್ಟರೆ ಹಿಂದುಮುಂದಿನ ಅಳತೆ ಸಿಗುತ್ತಿತ್ತು. ಸೂಲಗಿತ್ತಿಯ ಕೈಯಂದಾಜನ್ನೇ ನಂಬಿ ಬಂದ ಹೆಂಗಸರಿಗೆ ಈ ತಣ್ಣನೆಯ ಲೋಹ ಎಷ್ಟು ಮುಜುಗರ ತಂದಿತ್ತೋ. ಆದರೂ ಅಳೆಸಿಕೊಂಡರು. ನರ್ಸ್ ಅಂಕಿಯನ್ನು ಬರೆದಳು. ಕೂಸು ಹೊರಗೆ ಬಂದ ಮೇಲೆ ಅದನ್ನು ತಕ್ಕಡಿಗೆ ಹಾಕಿ ತೂಕ ನೋಡಿ ಅದನ್ನೂ ಬರೆದಳು. ಪಾಳಿ ಬದಲಾಯಿತು, ಮುಂದಿನವಳೂ ಬರೆದಳು. ಯುದ್ಧ ಬಂತು, ಸ್ವಾತಂತ್ರ್ಯ ಬಂತು, ಮಹಾರಾಜರ ಆಳ್ವಿಕೆ ಮುಗಿಯಿತು. ಬರೆಯುವುದು ಮಾತ್ರ ನಿಲ್ಲಲಿಲ್ಲ.

ಈ ದಾಖಲೆಗಳ ಬೆಲೆ ಏನೆಂದು ತಿಳಿಯಬೇಕಾದರೆ ಒಮ್ಮೆ ಇಂಗ್ಲೆಂಡಿಗೆ ಹೋಗಿಬರಬೇಕು. ಸೌತಾಂಪ್ಟನ್ನಿನ ವೈದ್ಯ ಡೇವಿಡ್ ಬಾರ್ಕರ್ ಮತ್ತು ಅಂಕಿಅಂಶ ತಜ್ಞ ಕ್ಲೈವ್ ಆಸ್ಮಂಡ್ 1986ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ವಿಚಿತ್ರ ಹೊಂದಿಕೆಯನ್ನು ತೋರಿಸಿದರು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 1920ರ ದಶಕದಲ್ಲಿ ಎಲ್ಲೆಲ್ಲಿ ಹಸುಗೂಸುಗಳು ಹೆಚ್ಚಾಗಿ ಸತ್ತಿದ್ದವೋ ಅದೇ ಪ್ರದೇಶಗಳಲ್ಲಿ ಅರ್ಧ ಶತಮಾನದ ನಂತರ ಹೃದಯದ ಕಾಯಿಲೆಯಿಂದ ಸಾಯುವವರೂ ಹೆಚ್ಚಾಗಿದ್ದರು. ಹೃದಯದ ಕಾಯಿಲೆಯನ್ನು ಉಣ್ಣುವವರ, ಕುಳಿತು ತಿನ್ನುವವರ ಕಾಯಿಲೆ ಎಂದು ಎಲ್ಲರೂ ನಂಬಿದ್ದ ಕಾಲ ಅದು. ಹಸಿದ ಊರುಗಳಲ್ಲಿ ಅದು ಯಾಕೆ ಹೆಚ್ಚಾಗಬೇಕು? ಬಾರ್ಕರ್ ಊಹೆ ಹೀಗಿತ್ತು: ತಾಯಿಯ ಗರ್ಭದಲ್ಲಿ ಪೋಷಣೆ ಸಾಲದೆ ಬೆಳೆದ ಮಗು ಬದುಕಿ ಉಳಿದರೂ ಅದರ ರಕ್ತನಾಳ, ಯಕೃತ್ತು, ಮೇದೋಜೀರಕ ಗ್ರಂಥಿಗಳು ಕಟ್ಟಿಕೊಳ್ಳುವಾಗಲೇ ಕೊರತೆ ಉಳಿದುಬಿಡುತ್ತದೆ, ಐವತ್ತರ ವಯಸ್ಸಿನಲ್ಲಿ ಕಾಣಿಸಿಕೊಳ್ಳುವ ಕಾಯಿಲೆಗೆ ಅಲ್ಲಿಯೇ ತಳಪಾಯ ಬಿದ್ದಿರುತ್ತದೆ.

ಊಹೆಯನ್ನು ಪರೀಕ್ಷಿಸಲು ಒಬ್ಬೊಬ್ಬ ಮನುಷ್ಯನ ಜನನ ತೂಕವೂ ಅವನ ಕೊನೆಯೂ ಗೊತ್ತಾಗಬೇಕಿತ್ತು. ಹಾರ್ಟ್‌ಫರ್ಡ್‌ಷೈರ್ ಕೌಂಟಿಯಲ್ಲಿ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬ ದಾದಿಯರ ಮೇಲ್ವಿಚಾರಕಿ 1911ರಿಂದ ಪ್ರತಿ ಮಗುವಿನ ಜನನ ತೂಕವನ್ನೂ ಒಂದು ವರ್ಷದ ತೂಕವನ್ನೂ ಬರೆಸಿಟ್ಟಿದ್ದರು. ಆ ದಾಖಲೆಗಳನ್ನು ಹಿಡಿದು 5,654 ಗಂಡಸರ ಜಾಡು ಹುಡುಕಿದ ಬಾರ್ಕರ್ ತಂಡ 1989ರಲ್ಲಿ ಫಲಿತಾಂಶ ಪ್ರಕಟಿಸಿತು. ಹುಟ್ಟಿದಾಗಲೂ ವರ್ಷ ತುಂಬಿದಾಗಲೂ ಕಡಿಮೆ ತೂಗಿದವರಲ್ಲೇ ಹೃದಯದ ಕಾಯಿಲೆಯ ಸಾವು ಅತಿ ಹೆಚ್ಚು. ಸಕ್ಕರೆ ಕಾಯಿಲೆಯದೂ ಅದೇ ಕತೆ ಎಂದು ಕೇಂಬ್ರಿಜ್‌ನ ನಿಕೋಲಸ್ ಹೇಲ್ಸ್ ಜೊತೆಗಿನ ಕೆಲಸ ತೋರಿಸಿತು.

ಆಕ್ಷೇಪಗಳು ಬಂದವು, ಬರಬೇಕಾದದ್ದೇ. ಕಡಿಮೆ ತೂಕದಲ್ಲಿ ಹುಟ್ಟುವವರು ಬಡವರ ಮಕ್ಕಳು. ಅವರು ಬೀಡಿ ಸಿಗರೇಟು ಸೇದುತ್ತಾರೆ, ಗಾಳಿಬೆಳಕಿಲ್ಲದ ಮನೆಗಳಲ್ಲಿ ಬದುಕುತ್ತಾರೆ. ತಪ್ಪು ಗರ್ಭದ್ದೋ ಬದುಕಿನದ್ದೋ ಹೇಗೆ ಹೇಳುವುದು? ಜೊತೆಗೆ ಇನ್ನೊಂದು ದೊಡ್ಡ ಪ್ರಶ್ನೆ. ಎರಡೂವರೆ ಕೆಜಿಗಿಂತ ಕಡಿಮೆ ತೂಕದ ಕೂಸುಗಳು ಅತಿ ಹೆಚ್ಚು ಹುಟ್ಟುವ ದೇಶಗಳಲ್ಲಿ ಭಾರತ ಮುಂದಿದೆ. ಬಾರ್ಕರ್ ಹೇಳಿದ್ದು ನಿಜವಾಗಿದ್ದರೆ ಅದು ಬ್ರಿಟಿಷರಿಗಿಂತ ನಮಗೇ ಹೆಚ್ಚು ಅನ್ವಯಿಸಬೇಕು. ಆದರೆ ನೋಡುವುದು ಹೇಗೆ? ಅರವತ್ತು ವರ್ಷ ಹಿಂದೆ ಹುಟ್ಟಿದ ಭಾರತೀಯನ ಜನನ ತೂಕ ಎಲ್ಲಿ ಸಿಗಬೇಕು? ಬಹುಪಾಲು ಜನ ಮನೆಯಲ್ಲೇ ಹುಟ್ಟಿದವರು.

ಅದು ಸಿಕ್ಕಿದ್ದು ಮಂಡಿ ಮೊಹಲ್ಲಾದಲ್ಲಿ. ಬಾರ್ಕರ್ ತಂಡದ ವೈದ್ಯೆ ಕ್ಯಾರೊಲಿನ್ ಫಾಲ್ ಇಲ್ಲಿಯ ಕೆಲಸದ ಚುಕ್ಕಾಣಿ ಹಿಡಿದರು. ಕ್ಲಾಡಿಯಾ ಸ್ಟೈನ್, ಕೆ. ಕುಮಾರನ್ ಮೊದಲಾದವರು ಜೊತೆಯಾದರು. 1993ರಲ್ಲಿ ಹುಡುಕಾಟ ಶುರುವಾಯಿತು.

ಇಂಗ್ಲೆಂಡಿನ ವಿಧಾನ ಇಲ್ಲಿ ನಡೆಯುವಂತಿರಲಿಲ್ಲ. ಅಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆಯ ಕೇಂದ್ರ ನೋಂದಣಿಗೆ ಹೆಸರು, ಹುಟ್ಟಿದ ತಾರೀಖು ಕೊಟ್ಟರೆ ಆ ವ್ಯಕ್ತಿ ಬದುಕಿದ್ದಾನೋ ಇಲ್ಲವೋ, ಸತ್ತಿದ್ದರೆ ಯಾವ ಕಾಯಿಲೆಯಿಂದ ಎಂಬುದು ಕಾಗದದ ಮೇಲೇ ತಿಳಿಯುತ್ತಿತ್ತು. ನಮ್ಮಲ್ಲಿ ಸಾವಿನ ಕಾರಣವನ್ನು ನಂಬಬಹುದಾದ ರೀತಿಯಲ್ಲಿ ಬರೆಯುವ ವ್ಯವಸ್ಥೆ ಇರಲಿಲ್ಲ, ಈಗಲೂ ಅದು ಸಾಲದು. ಆದ್ದರಿಂದ ಸತ್ತವರನ್ನು ಎಣಿಸುವ ಬದಲು ಬದುಕಿರುವವರನ್ನು ಹುಡುಕಿ ಪರೀಕ್ಷಿಸುವುದೊಂದೇ ಉಳಿದ ಹಾದಿ. ಆಸ್ಪತ್ರೆಯ ಸುತ್ತಮುತ್ತಲ ಬಡಾವಣೆಗಳಲ್ಲಿ ಮನೆಮನೆ ಸಮೀಕ್ಷೆ ನಡೆಯಿತು. ನಿಮ್ಮ ಮನೆಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದವರು ಯಾರಾದರೂ ಇದ್ದಾರೆಯೇ?

ಸಿಕ್ಕವರನ್ನು ಅವರ ಹಾಳೆಯ ಜೊತೆ ಕೂಡಿಸುವುದು ಇನ್ನೂ ನಾಜೂಕಿನ ಕೆಲಸ. ಹುಟ್ಟಿದ ದಿನ ಕೂಸಿಗೆ ಹೆಸರಿರುವುದಿಲ್ಲ. ತೊಟ್ಟಿಲಿಗೆ ಹಾಕಿ ಹೆಸರಿಡುವ ಹೊತ್ತಿಗೆ ತಾಯಿ ಆಸ್ಪತ್ರೆಯಿಂದ ಮನೆಗೆ ಹೋಗಿರುತ್ತಾಳೆ. ದಾಖಲೆಯಲ್ಲಿರುವುದು ಹೆತ್ತವರ ಹೆಸರು, ತಾರೀಖು. ಅರವತ್ತರ ಹಿರಿಯರಿಗೆ ಹುಟ್ಟಿದ ತಾರೀಖು ಕೇಳಿದರೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಖು ಹೇಳುತ್ತಾರೆ, ಅಥವಾ ಯಾವ ಹಬ್ಬದ ಹಿಂದುಮುಂದು ಎಂದು ನೆನೆಯುತ್ತಾರೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದ ತಾಯಂದಿರ ಮಕ್ಕಳು ಮೈಸೂರಿನಲ್ಲಿ ಹುಟ್ಟಿದ್ದರೂ ಇನ್ನೆಲ್ಲೋ ಬೆಳೆದವರು, ಅವರು ಈ ಕೇರಿಗಳಲ್ಲಿ ಸಿಗುವ ಮಾತೇ ಇಲ್ಲ. ಇಷ್ಟೆಲ್ಲ ತೊಡಕುಗಳ ನಡುವೆ 1934ರಿಂದ 1966ರವರೆಗೆ ಅಲ್ಲಿ ಹುಟ್ಟಿದ 3,427 ಜನರನ್ನು ಕೊನೆಗೆ ಅವರವರ ಜನನ ದಾಖಲೆಗೆ ಹೊಂದಿಸಲಾಯಿತು. ಹಿರಿಯ ಮೈಸೂರಿಗರೊಬ್ಬರು ತಮ್ಮ ತಾಯಿಯ ತೂಕವನ್ನು, ತಾವು ಈ ಲೋಕಕ್ಕೆ ಬಂದ ದಿನದ ಪೌಂಡುಗಳ ಲೆಕ್ಕವನ್ನು ಹೀಗೆ ಮರಳಿ ಪಡೆಯುವುದು ನನಗೆ ಈ ಇಡೀ ಕೆಲಸದಲ್ಲಿ ತುಂಬ ಮನಸ್ಸಿಗೆ ತಟ್ಟುವ ಸಂಗತಿ.

ಮೊದಲ ಹಂತದಲ್ಲಿ 1934ರಿಂದ 1954ರ ನಡುವೆ ಹುಟ್ಟಿದ 517 ಗಂಡಸರು ಹೆಂಗಸರು ಪರೀಕ್ಷೆಗೆ ಬಂದರು. ಇಸಿಜಿ ತೆಗೆದರು. ಎದೆನೋವಿನ ಬಗ್ಗೆ ಲಂಡನ್ನಿನ ಜೆಫ್ರಿ ರೋಸ್ ರೂಪಿಸಿದ್ದ ಪ್ರಶ್ನಾವಳಿ ಕೇಳಿದರು: ದಿಣ್ಣೆ ಹತ್ತುವಾಗ ಎದೆ ಹಿಡಿದುಕೊಳ್ಳುತ್ತದೆಯೇ, ನಿಂತರೆ ಹೋಗುತ್ತದೆಯೇ, ಎಷ್ಟು ಹೊತ್ತಿನಲ್ಲಿ? ಹೃದಯದ ಶಸ್ತ್ರಚಿಕಿತ್ಸೆ ಆಗಿದೆಯೇ ಎಂದು ವಿಚಾರಿಸಿದರು. 25 ಗಂಡಸರಲ್ಲಿ, 27 ಹೆಂಗಸರಲ್ಲಿ ಹೃದಯದ ಕಾಯಿಲೆ ಕಂಡಿತು. ಆಮೇಲೆ ಹಳೆಯ ಹಾಳೆಗಳನ್ನು ಪಕ್ಕಕ್ಕಿಟ್ಟು ನೋಡಿದರು.

ಹುಟ್ಟಿದಾಗ 5.5 ಪೌಂಡ್, ಅಂದರೆ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ 11 ಮಂದಿಗೆ ಕಾಯಿಲೆ ಇತ್ತು. 7 ಪೌಂಡಿಗಿಂತ ಹೆಚ್ಚು ತೂಗಿದವರಲ್ಲಿ ಶೇ 3. ವಯಸ್ಸು 45 ದಾಟಿದವರಲ್ಲಿ ಈ ಇಳಿಜಾರು ಇನ್ನೂ ಸ್ಪಷ್ಟ. ಎಲ್ಲಕ್ಕಿಂತ ಹೆಚ್ಚು ಕಾಯಿಲೆ ಕಂಡದ್ದು ಎರಡು ಕೊರತೆಗಳು ಒಟ್ಟಾಗಿದ್ದವರಲ್ಲಿ. ತಾವೂ 5.5 ಪೌಂಡು ಮೀರದೆ ಹುಟ್ಟಿ, ತಾಯಿಯೂ ಬಸುರಿನಲ್ಲಿ 100 ಪೌಂಡಿಗಿಂತ ಕಡಿಮೆ, ಅಂದರೆ ಸುಮಾರು 45 ಕೆಜಿಯೊಳಗೆ ತೂಗಿದ್ದವರಲ್ಲಿ ಐವರಲ್ಲಿ ಒಬ್ಬರಿಗೆ ಹೃದಯದ ಕಾಯಿಲೆ. ಬೀಡಿ ಸಿಗರೇಟು, ರಕ್ತದೊತ್ತಡ, ಕೊಲೆಸ್ಟರಾಲ್ ಮುಂತಾದ ಗೊತ್ತಿರುವ ಕಾರಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಈ ನಂಟು ಬಹುಮಟ್ಟಿಗೆ ಉಳಿಯಿತು. 1996ರಲ್ಲಿ ‘ಲ್ಯಾನ್ಸೆಟ್’ ಇದನ್ನು ಪ್ರಕಟಿಸಿತು. ಬಡ ದೇಶವೊಂದರ ತಾಯಿಯ ತೂಕ ಮಗನ ಐವತ್ತನೇ ವಯಸ್ಸಿನ ಎದೆನೋವಿನ ಜೊತೆ ಹೀಗೆ ಅಂಕಿಗಳಲ್ಲಿ ಕೂಡಿದ್ದು ಅದೇ ಮೊದಲು. ಹೆಣ್ಣುಮಕ್ಕಳು, ತರುಣಿಯರು ಚೆನ್ನಾಗಿ ಉಣ್ಣುವಂತಾದರೆ ಮುಂದಿನ ತಲೆಮಾರಿನ ಹೃದಯ ಉಳಿಯಬಹುದು ಎಂಬ ಮಾತನ್ನು ಲೇಖಕರು ಅಲ್ಲಿಯೇ ಸೂಚಿಸಿದರು.

ಇದರ ಮಿತಿಯನ್ನೂ ಹೇಳಬೇಕು. 517 ದೊಡ್ಡ ಸಂಖ್ಯೆಯಲ್ಲ. ಬಂದವರು ಬದುಕಿದ್ದವರು, ಊರು ಬಿಡದಿದ್ದವರು. ಹೃದಯಾಘಾತಕ್ಕೆ ಮೊದಲೇ ಬಲಿಯಾದವರು ಈ ಲೆಕ್ಕದಲ್ಲಿ ಇಲ್ಲ. 1930, 40ರ ದಶಕಗಳಲ್ಲಿ ಆಸ್ಪತ್ರೆಗೆ ಹೆರಿಗೆಗೆ ಬಂದವರು ಊರಿನ ಎಲ್ಲ ಹೆಂಗಸರ ಪ್ರತಿನಿಧಿಗಳೂ ಅಲ್ಲ. ಆದರೂ ಇಂಗ್ಲೆಂಡಿನ ಹವೆ, ಊಟ, ವರ್ಗಭೇದ ಯಾವುದೂ ಇಲ್ಲದ ಮೈಸೂರಿನಲ್ಲಿ ಅದೇ ಇಳಿಜಾರು ಕಂಡದ್ದು ಬಾರ್ಕರ್ ಊಹೆಗೆ ದೊಡ್ಡ ಬಲ ಕೊಟ್ಟಿತು.

ಕತೆ ಇಲ್ಲಿಗೆ ನಿಂತಿದ್ದರೆ ಮೈಸೂರು ಹಾರ್ಟ್‌ಫರ್ಡ್‌ಷೈರಿನ ಹೆಜ್ಜೆಯಲ್ಲಿ ಹೆಜ್ಜೆಯಿಟ್ಟ ಊರಾಗುತ್ತಿತ್ತು ಅಷ್ಟೆ. ನನ್ನ ಮಟ್ಟಿಗೆ ನಿಜವಾದ ಆವಿಷ್ಕಾರ ಎರಡು ವರ್ಷಗಳ ನಂತರದ್ದು.

ಅದೇ ಜನರ ಗುಂಪಿನಲ್ಲಿ 39ರಿಂದ 60 ವಯಸ್ಸಿನ 506 ಮಂದಿಗೆ ಗ್ಲೂಕೋಸ್ ನೀರು ಕುಡಿಸಿ ರಕ್ತ ಪರೀಕ್ಷಿಸಿದರು. ನೂರರಲ್ಲಿ ಹದಿನೈದು ಜನರಿಗೆ ಸಕ್ಕರೆ ಕಾಯಿಲೆ. ಇಂಗ್ಲೆಂಡಿನ ಪಾಠದ ಪ್ರಕಾರ ಇವರು ಸಣ್ಣದಾಗಿ, ಬಡಕಲಾಗಿ ಹುಟ್ಟಿದವರಾಗಿರಬೇಕಿತ್ತು. ಹಾಳೆಗಳು ಹಾಗೆ ಹೇಳಲಿಲ್ಲ. ಸಕ್ಕರೆ ಕಾಯಿಲೆ ಹೆಚ್ಚಾಗಿ ಕಂಡದ್ದು ಹುಟ್ಟುವಾಗ ಗಿಡ್ಡವಾಗಿದ್ದು ಆ ಉದ್ದಕ್ಕೆ ಮೀರಿ ತೂಗಿದವರಲ್ಲಿ, ಗುಂಡುಗುಂಡಾಗಿ ಹುಟ್ಟಿದವರಲ್ಲಿ. ಅವರ ತಾಯಂದಿರು ಸಣಕಲರಾಗಿರಲಿಲ್ಲ. ಉಳಿದ ತಾಯಂದಿರಿಗಿಂತ ಹೆಚ್ಚು ತೂಗಿದ್ದರು. ಪೆಲ್ವಿಮೀಟರಿನ ಅಳತೆಯಲ್ಲೂ ಅವರ ಸೊಂಟ ದೊಡ್ಡದೇ.

ಹೃದಯಕ್ಕೆ ಒಂದು ಲೆಕ್ಕ, ಸಕ್ಕರೆಗೆ ಅದರ ತಿರುಗುಮುರುಗು ಲೆಕ್ಕ. ಒಂದೇ ಆಸ್ಪತ್ರೆ, ಒಂದೇ ದಾಖಲೆ, ಅದೇ ಜನ. ಬೇರೆ ಯಾರಾದರೂ ಆಗಿದ್ದರೆ ಅಳತೆಯಲ್ಲೇ ದೋಷವಿದೆ ಎಂದು ಕೈಬಿಡಬಹುದಿತ್ತು. ಫಾಲ್ ಮತ್ತು ಸಂಗಡಿಗರು ಅಂಕಿಗಳನ್ನು ನಂಬಿದರು, ಸಿದ್ಧಾಂತವನ್ನು ಮರುಯೋಚಿಸಿದರು.

ಅವರ ತರ್ಕ ಹೀಗೆ ಸಾಗಿತು. ನಮ್ಮ ತಾಯಂದಿರು ತಲೆಮಾರುಗಳಿಂದ ಕೊರತೆಯಲ್ಲಿ ಹುಟ್ಟಿದವರು. ಅವರ ಮೈ ಕಡಿಮೆ ಆಹಾರಕ್ಕೆ ಹೊಂದಿಕೊಂಡಿರುವಂಥದ್ದು. ಪಟ್ಟಣಕ್ಕೆ ಬಂದು ಮೈಕೆಲಸ ತುಸು ಕಡಿಮೆಯಾಗಿ, ಮೈ ತುಸು ತುಂಬಿಕೊಂಡರೆ ಸಾಕು, ಬಸುರಿನಲ್ಲಿ ರಕ್ತದ ಸಕ್ಕರೆ ಏರುತ್ತದೆ. ಮಾಸಿನ ಮೂಲಕ ಆ ಸಕ್ಕರೆ ಕೂಸಿಗೆ ದಾಟುತ್ತದೆ, ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಕೂಸು ತನ್ನದೇ ಇನ್ಸುಲಿನ್ ಸುರಿಸಬೇಕು. ಇನ್ಸುಲಿನ್ ಕೊಬ್ಬು ಕೂಡಿಸುತ್ತದೆ. ಹಾಗೆ ಕೊಬ್ಬಿದ ಕೂಸು ಹುಟ್ಟುತ್ತದೆ, ದೊಡ್ಡದಾಗುವಷ್ಟರಲ್ಲಿ ಅದರ ಇನ್ಸುಲಿನ್ ಶಕ್ತಿ ಸೋತಿರುತ್ತದೆ. ಹೆಣ್ಣಾದರೆ ಅದರ ಬಸುರಿನಲ್ಲೂ ಸಕ್ಕರೆ ಏರುತ್ತದೆ, ಮತ್ತೆ ಮುಂದಿನ ಕೂಸು. ಅಮೆರಿಕದ ಅರಿಜೋನಾದ ಪೀಮಾ ಮೂಲನಿವಾಸಿಗಳಲ್ಲಿ ಸಕ್ಕರೆ ಕಾಯಿಲೆಯ ತಾಯಂದಿರ ಮಕ್ಕಳಿಗೆ ಚಿಕ್ಕ ವಯಸ್ಸಿನಲ್ಲೇ ಕಾಯಿಲೆ ಬರುವುದು ಆಗಲೇ ಗೊತ್ತಿತ್ತು. ಭಾರತದ ಪಟ್ಟಣಗಳಲ್ಲಿ ಸಕ್ಕರೆ ಕಾಯಿಲೆ ಇಷ್ಟು ವೇಗವಾಗಿ ಹಬ್ಬಿದ್ದಕ್ಕೂ ತಾಯಂದಿರ ಈ ಅಲ್ಪ ಸ್ಥೂಲತೆಯೇ ಕಿಡಿಯಾಗಿರಬಹುದು ಎಂದು 1998ರ ‘ಡಯಾಬಿಟಿಕ್ ಮೆಡಿಸಿನ್’ ಪತ್ರಿಕೆಯ ಲೇಖನ ಹೇಳಿತು.

ಇದು ಇನ್ನೊಂದು ಹಳೆಯ ಆಕ್ಷೇಪಕ್ಕೂ ಉತ್ತರ. ನಮ್ಮ ಅಜ್ಜ ಅಜ್ಜಿಯರೂ ಸಣ್ಣದಾಗಿಯೇ ಹುಟ್ಟಿದ್ದರು, ಅವರಿಗೇಕೆ ಶುಗರ್ ಇರಲಿಲ್ಲ ಎಂದು ಈಗಲೂ ಮನೆಗಳಲ್ಲಿ ಕೇಳುತ್ತಾರೆ. ಹುಟ್ಟಿನ ಕೊರತೆಯೊಂದೇ ಸಾಲದು. ಆ ಕೊರತೆಯ ಮೇಲೆ ಬಂದು ಕೂರುವ ತುಸು ಸಮೃದ್ಧಿ ಬೇಕು. ಹೊಟ್ಟೆ ತುಂಬ ಉಣ್ಣದ ತಾಯಿಯ ಮಗುವಿಗೆ ಹೃದಯದ ಅಪಾಯ, ಮೈ ತುಂಬಿಕೊಂಡ ತಾಯಿಯ ಮಗುವಿಗೆ ಸಕ್ಕರೆಯ ಅಪಾಯ. ಎರಡೂ ಒಂದೇ ಕೇರಿಯಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ.

ಆದರೆ 1998ರ ಲೇಖನದಲ್ಲಿದ್ದದ್ದು ಊಹೆ. 1940ರ ತಾಯಂದಿರ ರಕ್ತದ ಸಕ್ಕರೆಯನ್ನು ಯಾರೂ ಅಳೆದಿರಲಿಲ್ಲ. ಅವರ ತೂಕದಿಂದ, ಮಗುವಿನ ಆಕಾರದಿಂದ ಹಿಂದಕ್ಕೆ ಊಹಿಸಿದ್ದು. ಸಾಬೀತು ಮಾಡಬೇಕಾದರೆ ಬಸುರಿಯರಿಂದಲೇ ಹೊಸದಾಗಿ ಶುರುಮಾಡಬೇಕಿತ್ತು. ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಮೈಸೂರು ಪಾರ್ಥೆನಾನ್ ಅಧ್ಯಯನ ಶುರುವಾಯಿತು. ಹಣದ ನೆರವು ಕೊಟ್ಟ ಸ್ವಿಟ್ಜರ್ಲೆಂಡಿನ ಪಾರ್ಥೆನಾನ್ ಟ್ರಸ್ಟ್‌ನದೇ ಹೆಸರು. 830 ಬಸುರಿಯರು ಒಪ್ಪಿ ಸೇರಿದರು. ಅಧ್ಯಯನವನ್ನು ಮೈಸೂರಿನಲ್ಲಿ ದಶಕಗಳ ಕಾಲ ಬೆಳೆಸಿದವರಲ್ಲಿ ಡಾ. ಜಿ.ವಿ. ಕೃಷ್ಣವೇಣಿ ಮತ್ತು ಡಾ. ಎಸ್.ಆರ್. ವೀಣಾ ಮುಖ್ಯರು.

ಏಳು ತಿಂಗಳು ತುಂಬುವ ಹೊತ್ತಿಗೆ ತಾಯಿ ಬೆಳಿಗ್ಗೆ ಏನೂ ತಿನ್ನದೆ ಬರಬೇಕು. ಮೊದಲು ಒಮ್ಮೆ ರಕ್ತ. ಆಮೇಲೆ 100 ಗ್ರಾಂ ಗ್ಲೂಕೋಸ್ ಕದಡಿದ ನೀರು. ವಾಕರಿಕೆ ಬರುವಷ್ಟು ಸಿಹಿ, ಅದೂ ಖಾಲಿ ಹೊಟ್ಟೆಗೆ. ನಂತರ ಗಂಟೆಗೊಮ್ಮೆ ಮೂರು ಬಾರಿ ರಕ್ತ. ಅಷ್ಟು ಹೊತ್ತು ಬೆಂಚಿನ ಮೇಲೆ ಕೂರಬೇಕು. ಮನೆಯಲ್ಲಿ ಇನ್ನೊಂದು ಪುಟ್ಟ ಮಗು ಕಾಯುತ್ತಿರಬಹುದು, ಅತ್ತೆ ಮತ್ತೆ ಮತ್ತೆ ರಕ್ತ ತೆಗೆಸಿಕೊಳ್ಳಬೇಡ ಎಂದಿರಬಹುದು. ಹಾಗಿದ್ದೂ 785 ತಾಯಂದಿರು ಈ ಪರೀಕ್ಷೆ ಮುಗಿಸಿದರು. ಅವರಲ್ಲಿ 49 ಮಂದಿಗೆ, ಅಂದರೆ ಶೇ 6.2ರಷ್ಟು ತಾಯಂದಿರಿಗೆ, ಬಸುರಿನ ಸಕ್ಕರೆ ಕಾಯಿಲೆ ಇತ್ತು. ಅವರ ಕೂಸುಗಳು ಉಳಿದವಕ್ಕಿಂತ ಎಲ್ಲ ಅಳತೆಯಲ್ಲೂ ದೊಡ್ಡದಾಗಿ ಹುಟ್ಟಿದವು. ಹಳೆಯ ದಾಖಲೆಗಳಿಂದ ಊಹಿಸಿದ್ದು ಈಗ ರಕ್ತದಲ್ಲೇ ಕಂಡಿತು.

ಕೂಸುಗಳನ್ನು ಅಳೆಯುವಾಗ ಇನ್ನೊಂದು ಸಂಗತಿ ಹೊರಬಂತು. ಬೆರಳುಗಳಲ್ಲಿ ಕೂಸಿನ ಹೆಗಲಮೂಳೆಯ ಕೆಳಗಿನ ಚರ್ಮವನ್ನು ಮೆಲ್ಲಗೆ ಮಡಿಸಿ ಹಿಡಿದು, ಕ್ಯಾಲಿಪರ್ ಇಟ್ಟು ಆ ಮಡಿಕೆಯ ದಪ್ಪ ನೋಡುತ್ತಾರೆ. ಮೈಯಲ್ಲಿ ಕೊಬ್ಬೆಷ್ಟು ಎಂದು ಅದರಿಂದ ತಿಳಿಯುತ್ತದೆ. ಮೈಸೂರಿನ ಕೂಸುಗಳು ಇಂಗ್ಲೆಂಡಿನ ಕೂಸುಗಳಿಗಿಂತ ಹಗುರ, ತೋಳು ಸಣ್ಣದು, ಹೊಟ್ಟೆಯ ಸುತ್ತಳತೆ ಕಡಿಮೆ. ಬೆನ್ನಿನ ಆ ಮಡಿಕೆ ಮಾತ್ರ ಬಹುತೇಕ ಅವರಷ್ಟೇ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಸುತ್ತಲ ಹಳ್ಳಿಗಳ ಕೂಸುಗಳಲ್ಲೂ ಇದನ್ನೇ ಕಂಡಿದ್ದರು. ತೆಳ್ಳಗೆ ಕಾಣುವ ಕೂಸು, ಒಳಗೆ ಕೊಬ್ಬು. ಕೊರತೆ ಬಿದ್ದಿರುವುದು ಮಾಂಸಖಂಡಕ್ಕೆ. ನಮ್ಮವರಿಗೆ ಅಷ್ಟೇನೂ ದಪ್ಪಗಾಗದೆಯೂ ಸಕ್ಕರೆ ಕಾಯಿಲೆ ಬರುವುದೇಕೆ ಎಂಬುದರ ಎಳೆ ಹುಟ್ಟಿನಲ್ಲೇ ಸಿಕ್ಕಿತು.

ಮಕ್ಕಳನ್ನು ಬಿಡಲಿಲ್ಲ. ಐದನೇ ವರ್ಷಕ್ಕೆ ಮತ್ತೆ ಕರೆದು ನೋಡಿದಾಗ, ಬಸುರಿನಲ್ಲಿ ಸಕ್ಕರೆ ಇದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಕೊಬ್ಬೂ ಇನ್ಸುಲಿನ್ನೂ ಹೆಚ್ಚಾಗಿದ್ದವು. ತಂದೆಗೆ ಸಕ್ಕರೆ ಇದ್ದ ಮಕ್ಕಳಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಈ ಹೋಲಿಕೆ ಬಹಳ ಮುಖ್ಯ. ವಂಶವಾಹಿ ಒಂದರಿಂದಲೇ ಬಂದದ್ದಾಗಿದ್ದರೆ ತಂದೆಯಿಂದಲೂ ಬರಬೇಕಿತ್ತು. ತಾಯಿಯಿಂದ ಮಾತ್ರ ಬಂದಿದೆ ಎಂದರೆ ಒಂಬತ್ತು ತಿಂಗಳ ವಾಸದ ಪಾಲು ಅದರಲ್ಲಿದೆ. ಒಂಬತ್ತೂವರೆ ವರ್ಷದ ಹೊತ್ತಿಗೆ ಅಂತರ ಇನ್ನೂ ಬೆಳೆದಿತ್ತು.

ಬಸುರಿನಲ್ಲಿ ತೆಗೆದು ಶೈತ್ಯದಲ್ಲಿಟ್ಟಿದ್ದ ತಾಯಂದಿರ ರಕ್ತವೂ ವರ್ಷಗಳ ನಂತರ ಮಾತಾಡಿತು. 2009ರಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ ಆ ತಾಯಂದಿರಲ್ಲಿ ಶೇ 43 ಮಂದಿಗೆ ಬಿ12 ವಿಟಮಿನ್ ಕೊರತೆ ಇತ್ತು. ಕೊರತೆಯಿದ್ದವರಲ್ಲಿ ಬಸುರಿನ ಸಕ್ಕರೆ ಹೆಚ್ಚು. ಅವರು ದಪ್ಪಗೂ ಇದ್ದರು. ಮೈತೂಕವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಆ ನಂಟು ಸಡಿಲವಾಯಿತು, ಆದ್ದರಿಂದ ಬಿ12 ಕೊರತೆಯೇ ಕಾರಣ ಎಂದು ಹೇಳಲು ಬರುವುದಿಲ್ಲ. ಬಸುರಿಯರಿಗೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಕೊಡುವ ನಮ್ಮ ವ್ಯವಸ್ಥೆಯ ಫಲ ಮಾತ್ರ ಅಲ್ಲಿ ಕಾಣುತ್ತದೆ: ಫೋಲೇಟ್ ಕೊರತೆ ಕಂಡದ್ದು ತೀರ ಕಡಿಮೆ ತಾಯಂದಿರಲ್ಲಿ. ಮಾಂಸ, ಹಾಲು, ಮೊಸರು ಸಾಕಷ್ಟು ಸಿಗದ ಊಟದಲ್ಲಿ ಬಿ12 ಹೇಗೆ ತುಂಬುವುದು ಎಂಬ ಪ್ರಶ್ನೆ ಹಾಗೆಯೇ ಇದೆ.

ಇತ್ತ ಹಳೆಯ ಗುಂಪಿನವರಿಗೆ ವಯಸ್ಸಾಗುತ್ತ ಬಂತು. 2013ರ ನಂತರ ಮೈಸೂರಿನ ಮನೋವೈದ್ಯ ಡಾ. ಮುರಳಿ ಕೃಷ್ಣ ಅವರ ನೇತೃತ್ವದಲ್ಲಿ ಮತ್ತೆ ಅದೇ ಜನರನ್ನು ಹುಡುಕಿ, 721 ಹಿರಿಯರ ನೆನಪು, ಬುದ್ಧಿ, ಮನಸ್ಸಿನ ಆರೋಗ್ಯವನ್ನು ನೋಡಿದರು. ಗರ್ಭದಿಂದ ಮುಪ್ಪಿನವರೆಗೆ ಒಬ್ಬ ಮನುಷ್ಯನ ಅಳತೆ ಸಿಗುವ ಇಂಥ ಜಾಗಗಳು ಬಡ ದೇಶಗಳಲ್ಲಿ ಬೆರಳೆಣಿಕೆಯಷ್ಟು.

ಈ ಎಲ್ಲ ಲೇಖನಗಳ ತಲೆಯಲ್ಲಿ ವೈದ್ಯರ, ಸಂಖ್ಯಾಶಾಸ್ತ್ರಜ್ಞರ ಹೆಸರುಗಳಿವೆ. ತಕ್ಕಡಿಯ ಮುಳ್ಳು ನೋಡಿ ಬರೆದ ನರ್ಸುಗಳ ಹೆಸರಿಲ್ಲ. ಹಾರ್ಟ್‌ಫರ್ಡ್‌ಷೈರಿನ ಬರ್ನ್‌ಸೈಡ್ ಹೆಸರಾದರೂ ಇತಿಹಾಸದಲ್ಲಿ ಉಳಿಯಿತು. ಮೈಸೂರಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಪಾಳಿಯ ಮೇಲೆ ಪಾಳಿ ಅದೇ ನಿಷ್ಠೆಯಿಂದ ಬರೆದವರಿಗೂ ಆ ಗೌರವ ಸಲ್ಲಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. ಒಬ್ಬಳು ಬೇಸತ್ತು ಎಲ್ಲ ಕೂಸುಗಳಿಗೂ ಆರು ಪೌಂಡು ಎಂದು ಬರೆದುಬಿಟ್ಟಿದ್ದರೆ ಈ ಇಳಿಜಾರು ಯಾವುದೂ ಕಾಣುತ್ತಿರಲಿಲ್ಲ.

ತಾಯಂದಿರ ವಿಷಯ ಇನ್ನೂ ಇದೆ, ಅದೇ ಈಗಿನ ಓದುಗರಿಗೆ ಹೆಚ್ಚು ಬೇಕಾದದ್ದು. ಪಾರ್ಥೆನಾನ್ ತಾಯಂದಿರನ್ನು ಹೆರಿಗೆಯಾದ ಐದು ವರ್ಷಕ್ಕೆ ಮತ್ತೆ ಪರೀಕ್ಷಿಸಿದರು. ಬಸುರಿನಲ್ಲಿ ಸಕ್ಕರೆ ಇದ್ದವರಲ್ಲಿ ಶೇ 37 ಮಂದಿ ಅಷ್ಟರಲ್ಲೇ ಪೂರ್ಣ ಮಧುಮೇಹಿಗಳಾಗಿದ್ದರು. ಇಲ್ಲದಿದ್ದವರಲ್ಲಿ ಶೇ 2 ಮಾತ್ರ. ಹೆರಿಗೆಯ ಜೊತೆಗೇ ಸಕ್ಕರೆಯೂ ಹೋಯಿತು ಎಂದು ನೆಮ್ಮದಿಯಿಂದಿರುವ ಎಷ್ಟೋ ತಾಯಂದಿರಿಗೆ ಯಾರೂ ಇದನ್ನು ಹೇಳುವುದಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿಯಂತೆ ಪ್ರತಿ ಬಸುರಿಗೂ ಮೊದಲ ತಪಾಸಣೆಯಲ್ಲೇ 75 ಗ್ರಾಂ ಗ್ಲೂಕೋಸ್ ಕೊಟ್ಟು ಎರಡು ಗಂಟೆಯ ನಂತರ ರಕ್ತ ನೋಡಬೇಕು. 140 ಮುಟ್ಟಿದರೆ ಬಸುರಿನ ಸಕ್ಕರೆ. ಮೊದಲ ಬಾರಿ ಸರಿಯಿದ್ದರೂ 24ರಿಂದ 28ನೇ ವಾರದಲ್ಲಿ ಇನ್ನೊಮ್ಮೆ ನೋಡಬೇಕು. ತಾಯಿ ಕಾರ್ಡ್ ಕೈಯಲ್ಲಿರುವ ಪ್ರತಿ ಹೆಣ್ಣುಮಗಳೂ, ಆಕೆಯ ಜೊತೆ ಬರುವ ಆಶಾ ಕಾರ್ಯಕರ್ತೆಯೂ ಆ ಎರಡೂ ಅಂಕಿಗಳನ್ನು ಕೇಳಿ ಬರೆಸಿಕೊಳ್ಳಬೇಕು. ಹೆರಿಗೆಯಾಗಿ ಆರು ವಾರಕ್ಕೆ, ಆಮೇಲೆ ವರ್ಷಕ್ಕೊಮ್ಮೆ ಮತ್ತೆ ಪರೀಕ್ಷಿಸಿಕೊಳ್ಳಬೇಕು.

ಬಸುರಾದ ಮೇಲೆ ಎಚ್ಚರವಾಗುವುದು ತಡ ಎಂಬುದು ಮೈಸೂರಿನ ಸಂಶೋಧಕರ ಈಗಿನ ನಿಲುವು. ಬಸುರಿ ಮೊದಲ ಸಲ ತಪಾಸಣೆಗೆ ಬರುವಷ್ಟರಲ್ಲಿ ಕೂಸಿನ ಅಂಗಾಂಗಗಳು ಮೂಡಿರುತ್ತವೆ, ಮಾಸು ಕಟ್ಟಿಕೊಂಡಿರುತ್ತದೆ. ಅದಕ್ಕೇ ಹೊಸ ಪ್ರಯೋಗವನ್ನು ಬಸುರಿಗೂ ಮುಂಚಿನಿಂದ ಶುರುಮಾಡಿದ್ದಾರೆ. ಭಾರತ, ಕೆನಡಾ, ಚೀನಾ, ದಕ್ಷಿಣ ಆಫ್ರಿಕಾ ಸೇರಿ ನಡೆಸುತ್ತಿರುವ ಜಾಗತಿಕ ಯೋಜನೆಯೊಂದರ ಭಾಗವಾಗಿ ಮೈಸೂರು ಜಿಲ್ಲೆಯ ಹಳ್ಳಿಗಳಲ್ಲಿ ಸುಮಾರು 6,000 ತರುಣಿಯರನ್ನು ಸೇರಿಸಿಕೊಳ್ಳುವ ಯೋಜನೆ ಇದು. ಹಳ್ಳಿಗಳನ್ನು ಗುಂಪುಗಳಾಗಿ ವಿಂಗಡಿಸಿ, ಕೆಲವು ಕಡೆ ಬಸುರಾಗುವ ಮುಂಚಿನಿಂದಲೇ ಊಟ, ರಕ್ತಹೀನತೆ, ಮನಸ್ಸಿನ ನೆಮ್ಮದಿ, ಮನೆಯ ಶುಚಿಯ ವಿಚಾರದಲ್ಲಿ ನೆರವು ಕೊಡುತ್ತಾರೆ; ಕೆಲವು ಕಡೆ ಬಸುರಿನಿಂದ; ಉಳಿದ ಕಡೆ ಈಗಿರುವ ಸರ್ಕಾರಿ ಆರೈಕೆಯೇ. ಅವರಿಗೆ ಹುಟ್ಟುವ ಮಕ್ಕಳಿಗೆ ಐದು ವರ್ಷ ತುಂಬಿದಾಗ ಮೈಯಲ್ಲಿ ಕೊಬ್ಬೆಷ್ಟು, ಮಾಂಸಖಂಡವೆಷ್ಟು ಎಂದು ಅಳೆದು ಗುಂಪು ಗುಂಪಿಗೂ ಹೋಲಿಸಿ ನೋಡಲಿದ್ದಾರೆ.